ಕಷ್ಟದ ಆಟ ಕೈವಶವಾಗುವ ಬಗೆ: ಸೆಕಿರೊ ಆಡಿ ಕಲಿತ ಪಾಠಗಳು

ಸೆಕಿರೊ ಆಡುವವರು ಇಬ್ಬರು ಒಂದೆಡೆ ಸಿಕ್ಕರೆ ಮೊದಲು ಕೇಳುವ ಮಾತು, "ಗೆನಿಚಿರೋ ಆಯ್ತಾ?" ಆಗಿಲ್ಲವೆಂದರೆ ಮಾತು ಒಂದು ದಾರಿ ಹಿಡಿಯುತ್ತದೆ, ಆಗಿದೆಯೆಂದರೆ ಇನ್ನೊಂದು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ತಯಾರಿಸಿದ, 2019ರ ಮಾರ್ಚ್ 22ರಂದು ಬಿಡುಗಡೆಯಾದ 'ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್' ಗೇಮಿನಲ್ಲಿ ಗೆನಿಚಿರೋ ಆಶಿನಾ ಕೊನೆಯ ಶತ್ರುವೇನಲ್ಲ, ದಾರಿ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ಕೋಟೆಯ ತುದಿ ಮಹಡಿಯಲ್ಲಿ ಎದುರಾಗುವವನು. ಆದರೂ ಎಲ್ಲರೂ ಕೇಳುವುದು ಅವನನ್ನೇ. ಅವನನ್ನು ಗೆದ್ದವರಿಗೆ ಈ ಆಟದ ಭಾಷೆ ಬಂದಿದೆ ಎಂದು ಅರ್ಥ.

ಕಥೆ ಸೆಂಗೋಕು ಯುದ್ಧಕಾಲದ ಕೊನೆಯ ಜಪಾನಿನದು. ಆಶಿನಾ ಎಂಬ ಕಲ್ಪಿತ ಸೀಮೆ. ಕುರೋ ಎಂಬ ಹುಡುಗ. ಅವನನ್ನು ಕಾಯಬೇಕಾದ ಒಬ್ಬ ಶಿನೋಬಿ, ಅಂದರೆ ಗುಪ್ತ ಯೋಧ; ನೀವು ಆಡುವ ಪಾತ್ರ ಅವನೇ. ಆ ಶಿನೋಬಿಯ ಎಡಗೈ ಕಡಿದುಹೋಗಿದೆ, ಅದರ ಜಾಗದಲ್ಲಿ ಮರದ ಯಂತ್ರದ ಕೈ. ನಿರ್ದೇಶಕರು ಹಿದೆತಾಕಾ ಮಿಯಾಝಾಕಿ. 'ಡಾರ್ಕ್ ಸೋಲ್ಸ್', 'ಬ್ಲಡ್‌ಬೋರ್ನ್' ನಿರ್ದೇಶಿಸಿದವರೂ ಅವರೇ. 2019ರ 'ದಿ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಎಂಬ ಪ್ರಶಸ್ತಿ ಇದಕ್ಕೇ ಬಂತು. 2023ರ ಹೊತ್ತಿಗೆ ಮಾರಾಟ ಒಂದು ಕೋಟಿ ಪ್ರತಿ ದಾಟಿತ್ತು. ಇಷ್ಟು ಕಷ್ಟದ ಆಟವನ್ನು ಇಷ್ಟು ಜನ ಏಕೆ ಕೊಂಡರು ಎಂಬುದಕ್ಕೆ ನನ್ನ ಉತ್ತರ ಕೆಳಗಿನ ಪಾಠಗಳಲ್ಲಿದೆ. ನಾನು ಇದನ್ನು ಆಡಿ ಮುಗಿಸಿದವನು, ಮತ್ತೆ ಮತ್ತೆ ಆಡುವವನು, ಹೊಸಬರ ಪಕ್ಕ ಕೂತು ಆಡಿಸಿದವನು.

1. ಪಾತ್ರ ಬೆಳೆಯುವುದಿಲ್ಲ, ನೀವೇ ಬೆಳೆಯಬೇಕು

ಮಿಯಾಝಾಕಿಯವರ ಹಿಂದಿನ ಆಟಗಳಲ್ಲಿ ಒಬ್ಬ ಬಾಸ್, ಅಂದರೆ ದೊಡ್ಡ ಶತ್ರು, ದಾರಿ ಬಿಡದಿದ್ದರೆ ಬೇರೆ ಕಡೆ ಸುತ್ತಾಡಿ, ಸಣ್ಣಪುಟ್ಟವರನ್ನು ಕೊಂದು, ಲೆವೆಲ್ ಏರಿಸಿಕೊಂಡು ಬರಬಹುದಿತ್ತು. ದೊಡ್ಡ ಕತ್ತಿ, ದಪ್ಪ ಕವಚ, ಮಂತ್ರ ಎಲ್ಲಕ್ಕೂ ಅವಕಾಶವಿತ್ತು. ಬೇರೆ ಆಟಗಾರರನ್ನು ಸಹಾಯಕ್ಕೆ ಕರೆಯಬಹುದಿತ್ತು. ಸೆಕಿರೊದಲ್ಲಿ ಇದ್ಯಾವುದೂ ಇಲ್ಲ. ಕತ್ತಿ ಒಂದೇ, ಮೊದಲಿಂದ ಕೊನೆಯವರೆಗೆ. ಪ್ರಾಣಬಲ ಹೆಚ್ಚಬೇಕಾದರೆ ಗಟ್ಟಿ ಶತ್ರುಗಳನ್ನು ಗೆದ್ದು, ಮೂಲೆಮೂಲೆ ಹುಡುಕಿ ಜಪಮಣಿ ಸಂಪಾದಿಸಬೇಕು. ನಾಲ್ಕು ಮಣಿ ಸೇರಿದರೆ ಒಂದು ಹೆಚ್ಚಳ. ದಾಳಿಯ ಬಲ ಹೆಚ್ಚಬೇಕಾದರೆ ದೊಡ್ಡ ಬಾಸ್‌ಗಳನ್ನೇ ಗೆಲ್ಲಬೇಕು. ಅಂದರೆ ಗೆಲ್ಲುವುದಕ್ಕೆ ಬೇಕಾದ ಬಲ ಗೆದ್ದ ಮೇಲೆಯೇ ಸಿಗುವುದು. (ಅನುಭವದ ಅಂಕ ಕೊಟ್ಟು ದಾಳಿಯ ಬಲ ಹೆಚ್ಚಿಸಿಕೊಳ್ಳುವ ಒಂದು ಮುಖವಾಡ ಆಟದ ಕೊನೆಕೊನೆಗೆ ಸಿಗುತ್ತದೆ. ಅಷ್ಟು ಹೊತ್ತಿಗೆ ಅದರ ಅಗತ್ಯ ಬಹುಮಟ್ಟಿಗೆ ತೀರಿರುತ್ತದೆ.)

ಇದನ್ನು ಕ್ರೌರ್ಯ ಎಂದು ಅನೇಕರು ತಿಳಿಯುತ್ತಾರೆ. ನನಗೆ ಇದು ಈ ಆಟದ ಅತಿ ದೊಡ್ಡ ಪ್ರಾಮಾಣಿಕತೆ. ನಿನ್ನೆ ನಿಮ್ಮನ್ನು ಸೋಲಿಸಿದ ಶತ್ರುವೇ ಇವತ್ತೂ ನಿಂತಿದ್ದಾನೆ. ಅವನ ಏಟಿನ ತೂಕ ಅಷ್ಟೇ, ವೇಗ ಅಷ್ಟೇ. ನಿಮ್ಮ ಪಾತ್ರದ ಬಲವೂ ನಿನ್ನೆಯಷ್ಟೇ. ಆದರೂ ಇವತ್ತು ಗೆದ್ದಿರಿ. ಬದಲಾದದ್ದು ನಿಮ್ಮ ಕಣ್ಣು, ಕಿವಿ, ಬೆರಳು. ಗೆಲುವಿನ ಪಾಲು ಕೇಳಲು ಬೇರೆ ಯಾರೂ ಇಲ್ಲ. ಆ ತೃಪ್ತಿ ಲೆವೆಲ್ ಏರಿಸಿ ಗೆದ್ದಾಗ ಬರುವುದಿಲ್ಲ.

2. ಹಿಂದೆ ಸರಿದಷ್ಟೂ ಶತ್ರು ಚೇತರಿಸಿಕೊಳ್ಳುತ್ತಾನೆ

ಇಲ್ಲಿ ಪ್ರಾಣಬಲದ ಪಟ್ಟಿಗಿಂತ ಮುಖ್ಯವಾದದ್ದು 'ಪೋಶ್ಚರ್' ಎಂಬ ಇನ್ನೊಂದು ಪಟ್ಟಿ, ಅಂದರೆ ನಿಲುವಿನ ಹಿಡಿತ. ನೀವು ಹೊಡೆದಾಗ, ಅವನ ಏಟನ್ನು ಸರಿಯಾದ ಕ್ಷಣದಲ್ಲಿ ತಿರುಗಿಸಿದಾಗ, ಶತ್ರುವಿನ ಪೋಶ್ಚರ್ ತುಂಬುತ್ತಾ ಹೋಗುತ್ತದೆ. ಪೂರ್ತಿ ತುಂಬಿದರೆ ಅವನ ನಿಲುವು ಮುರಿಯುತ್ತದೆ, ಪ್ರಾಣಬಲ ಎಷ್ಟೇ ಉಳಿದಿರಲಿ, ಒಂದೇ ತಿವಿತಕ್ಕೆ ಅವನ ಕಥೆ, ಬಾಸ್ ಆದರೆ ಆ ಹಂತ, ಮುಗಿಯುತ್ತದೆ. ನೀವು ದೂರ ಓಡಿ ಉಸಿರು ತೆಗೆದುಕೊಂಡರೆ ಅವನ ಪಟ್ಟಿ ಖಾಲಿಯಾಗುತ್ತಾ ಬರುತ್ತದೆ. ಇಷ್ಟು ಹೊತ್ತಿನ ಕೆಲಸ ನೀರುಪಾಲು.

ಬೇರೆ ಆಟಗಳಿಂದ ಬಂದವರಿಗೆ ಇದು ತಲೆಗೆ ಹತ್ತುವುದು ತಡ. ಉರುಳಿ ತಪ್ಪಿಸಿಕೊಂಡು, ದೂರ ನಿಂತು, ಸಮಯ ಸಿಕ್ಕಾಗ ಒಂದೇಟು ಹಾಕಿ ಮತ್ತೆ ಓಡುವುದು ಅಲ್ಲಿಯ ರೂಢಿ. ಇಲ್ಲಿ ಹಾಗೆ ಆಡಿದರೆ ಕಾದಾಟ ಮುಗಿಯುವುದೇ ಇಲ್ಲ. ಎದುರಿಗೇ ನಿಲ್ಲಬೇಕು.

ಇದರಲ್ಲೊಂದು ಸೂಕ್ಷ್ಮವಿದೆ. ಶತ್ರುವಿನ ಪ್ರಾಣಬಲ ಹೆಚ್ಚಿದ್ದಾಗ ಅವನ ಪೋಶ್ಚರ್ ಬೇಗ ಸರಿಹೋಗುತ್ತದೆ. ಪ್ರಾಣಬಲ ಕುಗ್ಗಿದಂತೆ ನಿಧಾನವಾಗುತ್ತದೆ. ಹಾಗಾಗಿ ಮೊದಲರ್ಧದಲ್ಲಿ ಸಿಕ್ಕ ಸಂದಿಯಲ್ಲೆಲ್ಲ ಗಾಯ ಮಾಡಿ, ಆಮೇಲೆ ಅವನಿಗೆ ಬಿಡುವು ಕೊಡದೆ ಒತ್ತಬೇಕು. ನಿಮ್ಮ ವಿಷಯದಲ್ಲೂ ಒಂದು ಕೃಪೆಯಿದೆ: ನಿಮ್ಮ ಪೋಶ್ಚರ್ ತುದಿ ಮುಟ್ಟಿದ್ದರೂ, ಏಟನ್ನು ಸರಿಯಾದ ಕ್ಷಣಕ್ಕೆ ತಿರುಗಿಸಿದರೆ ನಿಲುವು ಮುರಿಯುವುದಿಲ್ಲ. ಬರೇ ಅಡ್ಡ ಹಿಡಿದರೆ ಮುರಿಯುತ್ತದೆ. ಸಾವಿನ ಅಂಚಿನಲ್ಲಿ ನಿಂತಿರುವಾಗಲೂ ನಿಖರವಾಗಿದ್ದವನಿಗೆ ಆಟ ಬಾಗಿಲು ಮುಚ್ಚುವುದಿಲ್ಲ.

3. ಕತ್ತಿ ನೋಡಬೇಡಿ, ಭುಜ ನೋಡಿ

ತಡೆಯಲಾಗದ ದಾಳಿ ಬರುವಾಗ ನಿಮ್ಮ ಪಾತ್ರದ ಮೇಲೆ ಕೆಂಪು ಬಣ್ಣದ ಜಪಾನಿ ಅಕ್ಷರವೊಂದು ಮಿಂಚುತ್ತದೆ, ಜೊತೆಗೆ ಒಂದು ಸದ್ದು. ಅಪಾಯ ಎಂದು ಅದರ ಅರ್ಥ. ಹೊಸಬರು ಆ ಅಕ್ಷರ ಕಂಡ ತಕ್ಷಣ ಯಾವುದೋ ಒಂದು ಬಟನ್ ಒತ್ತುತ್ತಾರೆ. ಆದರೆ ಅಂಥ ದಾಳಿ ಮೂರು ಬಗೆ: ನೇರ ತಿವಿತ, ಕಾಲಿನ ಮಟ್ಟದ ಬೀಸು, ಹಿಡಿತ. ತಿವಿತಕ್ಕೆ ಮಿಕಿರಿ ಎಂಬ ವಿದ್ಯೆ ಇದೆ; ಬರುತ್ತಿರುವ ಮೊನೆಯತ್ತಲೇ ಹೆಜ್ಜೆ ಹಾಕಿ ಅದನ್ನು ಕಾಲಡಿ ತುಳಿಯುವುದು. ಬೀಸಿಗೆ ನೆಗೆತ, ನೆಗೆದು ಅವನ ತಲೆಯ ಮೇಲೆ ಇನ್ನೊಂದು ನೆಗೆತ. ಹಿಡಿತಕ್ಕೆ ಜಾಗ ಬಿಡುವುದು. ಮೂರಕ್ಕೂ ತೋರುವ ಅಕ್ಷರ ಒಂದೇ. ಯಾವುದು ಬರುತ್ತಿದೆ ಎಂದು ಅದು ಹೇಳುವುದಿಲ್ಲ, ಶತ್ರುವಿನ ಮೈ ಹೇಳುತ್ತದೆ.

ಗೆನಿಚಿರೋನ ಒಂದು ವರಸೆಯನ್ನೇ ನೋಡಿ. ಅವನು ಮೇಲಕ್ಕೆ ನೆಗೆದು ಕತ್ತಿಯನ್ನು ನೆತ್ತಿಯಿಂದ ಇಳಿಸುತ್ತಾನೆ. ನೆಲ ಮುಟ್ಟಿದ ಮೇಲೆ ಅರೆಗಳಿಗೆಯ ಮೌನ. ಅಲ್ಲಿಂದ ಎರಡು ದಾರಿ. ಕತ್ತಿಯನ್ನು ಹಿಂದಕ್ಕೆಳೆದು ಮೊನೆ ನಿಮ್ಮತ್ತ ಮಾಡಿದನೋ, ತಿವಿತ ಬಂತು. ಮೈ ತಗ್ಗಿಸಿ ಸೊಂಟ ತಿರುಗಿಸಿದನೋ, ಬೀಸು ಬಂತು. ಎರಡರಲ್ಲೂ ಮೊದಲು ಕದಲುವುದು ಭುಜ. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಕತ್ತಿ ಹೊರಟ ಮೇಲೆ ನೋಡಿದರೆ ಆ ಕಾಲು ಸೆಕೆಂಡು ಸಾಲುವುದಿಲ್ಲ. ಭುಜವನ್ನು ನೋಡಿದವನಿಗೆ ಸಾಲುತ್ತದೆ, ಸ್ವಲ್ಪ ಮಿಗುತ್ತದೆ ಕೂಡ.

ನನ್ನ ಅಕ್ಕನ ಮಗ ರಜೆಗೆ ಬಂದಾಗ ಇದೇ ಜಾಗದಲ್ಲಿ ಸಿಕ್ಕಿಕೊಂಡಿದ್ದ. "ಮಾಮಾ, ಅವನು ತುಂಬಾ ಫಾಸ್ಟು, ಆಗಲ್ಲ" ಅಂದ. "ಕತ್ತಿ ನೋಡಬೇಡ ಕಣೋ, ಭುಜ ನೋಡು. ಹೊಡೆಯೋದೂ ಬೇಡ, ಸುಮ್ನೆ ನೋಡ್ತಾ ಇರು" ಅಂದೆ. ಒಂದಷ್ಟು ಹೊತ್ತು ಬರೀ ನೋಡಿದ. ಆಮೇಲೆ ತಾನೇ, "ಈಗ ತಿವಿತಾನೆ... ಈಗ ಬೀಸ್ತಾನೆ..." ಎಂದು ಮುಂಚಿತವಾಗಿ ಹೇಳತೊಡಗಿದ. ಅವನು ಹೇಳಿದ್ದೆಲ್ಲ ಸರಿಯಾಗುತ್ತಿತ್ತು, ಕೈ ಮಾತ್ರ ಇನ್ನೂ ತಡವಾಗುತ್ತಿತ್ತು. ಕಣ್ಣು ಮೊದಲು ಕಲಿಯುತ್ತದೆ, ಕೈ ಹಿಂದಿನಿಂದ ಬರುತ್ತದೆ. ಈ ನಡುವಿನ ಹೊತ್ತಿನಲ್ಲೇ ಬಹಳ ಜನ ಆಟ ಬಿಡುವುದು. ಅದು ಕಲಿಕೆ ನಡೆಯುತ್ತಿರುವ ಗುರುತು ಎಂದು ಅವರಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು.

4. ಅರ್ಧ ಆಟ ಕಿವಿಯಲ್ಲಿದೆ

ಟಿವಿಯ ಸದ್ದು ತಗ್ಗಿಸಿ ಸೆಕಿರೊ ಆಡಬೇಡಿ. ಮನೆಯವರು ಮಲಗಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಏಟನ್ನು ಬರೇ ಅಡ್ಡ ಹಿಡಿದಾಗ ಬರುವ ಸದ್ದು ಮಂದ. ಸರಿಯಾದ ಕ್ಷಣಕ್ಕೆ ತಿರುಗಿಸಿದಾಗ ಬರುವುದು ಕಂಚು ಬಡಿದಂಥ ಖಣ್ ಎನ್ನುವ ಸದ್ದು, ಕಿಡಿಯೂ ದೊಡ್ಡದು. ನಿಮ್ಮ ಏಟನ್ನು ಶತ್ರು ಹಾಗೆ ತಿರುಗಿಸಿದಾಗಲೂ ಸದ್ದು ಬದಲಾಗುತ್ತದೆ. ಅದು ಕೇಳಿದ ಕೂಡಲೇ ಹೊಡೆಯುವುದು ನಿಲ್ಲಿಸಿ, ಮುಂದಿನ ಏಟು ಅವನದು. ಈ ಒಂದು ಸಂಗತಿ ಕಿವಿಗೆ ಹತ್ತಿದರೆ ಯಾವಾಗ ಹೊಡೆಯಬೇಕು, ಯಾವಾಗ ತಡೆಯಬೇಕು ಎಂಬ ಗೊಂದಲದ ಮುಕ್ಕಾಲು ಪಾಲು ಕರಗುತ್ತದೆ.

ಕಿವಿಯ ಶಕ್ತಿಗೆ ಮಿಚ್‌ರಿಜ್ ಎಂಬ ಹೆಸರಿನ ಆಟಗಾರನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2022ರ ಜನವರಿಯಲ್ಲಿ, ದಾನಕ್ಕಾಗಿ ಹಣ ಕೂಡಿಸುವ 'ಆಸಮ್ ಗೇಮ್ಸ್ ಡನ್ ಕ್ವಿಕ್' ಕಾರ್ಯಕ್ರಮದಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸೆಕಿರೊವನ್ನು ಕೊನೆಯವರೆಗೆ ಆಡಿ ಮುಗಿಸಿದರು. ಗೋಡೆಗೆ ಒತ್ತಿಕೊಂಡು ದಿಕ್ಕು ಸರಿಮಾಡಿಕೊಳ್ಳುವುದು, ಹೆಜ್ಜೆ ಎಣಿಸುವುದು, ಶತ್ರುವಿನ ಕೂಗಿನಿಂದಲೇ ವರಸೆ ಗುರುತಿಸುವುದು. ವೀಡಿಯೊ ಸಿಗುತ್ತದೆ, ನೋಡಿ. ಅಭ್ಯಾಸ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಈಚಿನ ವರ್ಷಗಳಲ್ಲಿ ನಾನು ಕಂಡ ಅತ್ಯಂತ ಸುಂದರ ದೃಷ್ಟಾಂತ ಅದು.

ನಮ್ಮ ಹುಡುಗ, ಅದೇ ಅಕ್ಕನ ಮಗ, ಮೃದಂಗ ಕಲಿಯುತ್ತಿದ್ದಾನೆ. ಅವನು ಕಂಡುಕೊಂಡ ಉಪಾಯ ನನಗೂ ಹೊಸದು: ಗೆನಿಚಿರೋನ ಏಟುಗಳ ಸರಣಿಗೆ ಸೊಲ್ಲು ಕಟ್ಟಿಕೊಂಡ. "ತಾ, ತಾ, ತಕಿಟ, ತಾ" ಎಂದು ಬಾಯಲ್ಲಿ ಹೇಳುತ್ತಾ ಬೆರಳನ್ನು ಅದಕ್ಕೆ ಕೂರಿಸಿದ. ಎರಡು ಏಟಿನ ನಡುವಿನ ಬಿಡುವು ಸಮಾನವಾಗಿಲ್ಲ ಎಂಬುದೇ ಈ ಆಟದ ತೊಡಕು. ಬಾಯಿ ಆ ಬಿಡುವನ್ನು ಹಿಡಿದಿಟ್ಟುಕೊಂಡರೆ ಬೆರಳು ಆತುರಪಡುವುದಿಲ್ಲ. ಪ್ರತಿ ಬಾಸ್‌ಗೂ ಅವನ ಹತ್ತಿರ ಈಗ ಒಂದೊಂದು ಸೊಲ್ಲುಕಟ್ಟಿದೆ. ನಾನೂ ಹಾಗೇ ಹೇಳಿಕೊಂಡು ಆಡುತ್ತೇನೆ.

5. ಬಟನ್ ಜಜ್ಜಬೇಡಿ

ತಡೆಯುವ ಬಟನ್ ಅನ್ನು ಗಾಬರಿಯಲ್ಲಿ ಪಟಪಟನೆ ಒತ್ತಿದರೆ ಯಾವುದಾದರೊಂದು ಏಟಿಗೆ ಹೊಂದೀತು ಅನ್ನಿಸುತ್ತದೆ. ಆಟ ಮಾಡಿದವರಿಗೆ ಇದು ಗೊತ್ತು. ಹಾಗೆ ಒತ್ತಿದಷ್ಟೂ ಏಟು ತಿರುಗಿಸಲು ಸಿಗುವ ಕಾಲಾವಕಾಶ ಕಿರಿದಾಗುತ್ತದೆ. ಒಂದು ಏಟಿಗೆ ಒಂದು ಒತ್ತು, ಆಮೇಲೆ ಬೆರಳು ಎತ್ತುವುದು. ಅಷ್ಟೇ.

6. ಒಂದು ಸಲ ಇಳಿದಾಗ ಒಂದೇ ಗುರಿ

ಪ್ರತಿ ಸಲವೂ ಗೆಲ್ಲಲೆಂದೇ ಹೋಗುವವರು ನಿಧಾನ ಕಲಿಯುತ್ತಾರೆ. ಈ ಸಲ ಬರೀ ತಿವಿತ ತುಳಿಯುವುದು ನೋಡುತ್ತೇನೆ. ಈ ಸಲ ಸೋರೆಬುರುಡೆಯ ಔಷಧಿ ಕುಡಿಯಲು ಎಲ್ಲಿ ಸಂದಿ ಸಿಗುತ್ತದೆ ಹುಡುಕುತ್ತೇನೆ. ಈ ಸಲ ಒಂದೂ ಏಟು ಹಾಕದೆ ಎಷ್ಟು ಹೊತ್ತು ನಿಲ್ಲಬಲ್ಲೆ ನೋಡೋಣ. ಹೀಗೆ ಇಳಿದರೆ ಸತ್ತರೂ ಕೈಗೇನಾದರೂ ದಕ್ಕಿರುತ್ತದೆ. ಸಾವಿಗೆ ದಂಡವಿದೆ ನಿಜ, ಕೈಲಿದ್ದ ಹಣದಲ್ಲಿ ಅರ್ಧ, ಕೂಡಿಸುತ್ತಿದ್ದ ಅನುಭವದಲ್ಲಿ ಅರ್ಧ ಹೋಗುತ್ತದೆ. ಬಾಸ್ ಹತ್ತಿರ ಹೋಗುವ ಮುಂಚೆ ಹಣ ಖರ್ಚುಮಾಡಿಬಿಡಿ, ಚಿಂತೆ ತಪ್ಪುತ್ತದೆ.

ಗೆನಿಚಿರೋನ ಮೂರನೇ ಹಂತದಲ್ಲಿ ಸಿಡಿಲು ಬರುತ್ತದೆ. ನೆಲದ ಮೇಲೆ ನಿಂತು ತಾಗಿಸಿಕೊಂಡರೆ ಬದುಕುವುದು ಕಷ್ಟ. ನೆಗೆದು, ಗಾಳಿಯಲ್ಲಿರುವಾಗಲೇ ಸಿಡಿಲನ್ನು ಮೈಮೇಲೆ ತೆಗೆದುಕೊಂಡು, ಕಾಲು ನೆಲಕ್ಕೆ ತಾಗುವ ಮುನ್ನ ಕತ್ತಿ ಬೀಸಿದರೆ ಅದೇ ಸಿಡಿಲು ಅವನಿಗೆ ಮರಳುತ್ತದೆ. ಇಡೀ ಆಟದಲ್ಲಿ ಇದಕ್ಕಿಂತ ಚಂದದ ಕ್ಷಣ ಕಡಿಮೆ. ಇದನ್ನು ಕಲಿಯಲೆಂದೇ ಕೆಲವು ಸಲ ಅಲ್ಲಿಯವರೆಗೆ ಹೋಗಿ, ಗೆಲುವು ಆಮೇಲೆ.

2020ರ ಅಕ್ಟೋಬರ್‌ನಲ್ಲಿ ಬಂದ ಉಚಿತ ಅಪ್‌ಡೇಟ್ ಈ ಅಭ್ಯಾಸಕ್ಕೆ ದೊಡ್ಡ ಉಪಕಾರ ಮಾಡಿದೆ. ಒಮ್ಮೆ ಗೆದ್ದ ಬಾಸ್‌ಗಳ ಜೊತೆ ಬೇಕೆಂದಾಗ ಮತ್ತೆ ಕಾದಾಡಬಹುದು, ಒಬ್ಬರ ಹಿಂದೊಬ್ಬರಂತೆ ಸಾಲಾಗಿಯೂ ಎದುರಿಸಬಹುದು.

7. ಸಿಟ್ಟು ಬಂದರೆ ಎದ್ದುಬಿಡಿ

ಸಿಟ್ಟಿನಲ್ಲಿ ಆಡಿದರೆ ಬೆರಳು ಬಿಗಿಯುತ್ತದೆ, ಒತ್ತುವುದು ಬೇಗವಾಗುತ್ತದೆ, ತಪ್ಪು ಲಯವೇ ಕೈಗೆ ಕೂರುತ್ತದೆ. ಹೊಸ ಚಳಕವೊಂದು ಮೈಗೂಡುವ ಕೆಲಸದ ಒಂದು ಭಾಗ ನಿದ್ದೆಯಲ್ಲಿ ನಡೆಯುತ್ತದೆ. ರಾತ್ರಿ ಅಸಾಧ್ಯವೆನಿಸಿದ್ದು ಬೆಳಿಗ್ಗೆ ಎದ್ದು ಆಡಿದರೆ ಸಲೀಸು ಎಂದು ಸೆಕಿರೊ ಆಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಇನ್ನೊಂದು, ಟಿವಿಯಲ್ಲಿ ಆಡುವವರು ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಹಾಕಿಕೊಳ್ಳಿ. ಚಿತ್ರ ಚಂದಗೊಳಿಸುವ ಕಸರತ್ತಿನಲ್ಲಿ ಟಿವಿ ಚಿತ್ರವನ್ನು ತಡಮಾಡಿ ತೋರಿಸುತ್ತದೆ. ಅಷ್ಟರಿಂದಲೇ ಸೋಲುತ್ತಿರುವವರನ್ನು ನಾನು ನೋಡಿದ್ದೇನೆ.

8. ಗೆದ್ದೆ ಅಂದುಕೊಂಡು ಕಂಟ್ರೋಲರ್ ಕೆಳಗಿಡಬೇಡಿ

ಕಣಿವೆಯ ಕಾವಲಿಗೆ ಒಂದು ದೈತ್ಯ ವಾನರವಿದೆ. ಅದರ ಕುತ್ತಿಗೆಯಲ್ಲಿ ಹಳೆಯ ಕತ್ತಿಯೊಂದು ನಾಟಿಕೊಂಡಿದೆ. ಆ ಕತ್ತಿಯಿಂದಲೇ ಅದರ ತಲೆ ಕಡಿಯುತ್ತೀರಿ. ಪ್ರತಿ ಬಾಸ್ ಸತ್ತಾಗ ಬರುವ ಬರಹವೂ ಸ್ಕ್ರೀನಿನ ಮೇಲೆ ಬರುತ್ತದೆ. ಆಮೇಲೆ ಆ ಮುಂಡ ಎದ್ದು, ಕಡಿದ ತಲೆಯನ್ನು ಒಂದು ಕೈಯಲ್ಲಿ, ಕತ್ತಿಯನ್ನು ಇನ್ನೊಂದರಲ್ಲಿ ಹಿಡಿದು ಬರುತ್ತದೆ. ಎರಡನೇ ಕಾದಾಟ ಮೊದಲಿನದರಂತಿಲ್ಲ, ಲಯವೇ ಬೇರೆ. ಅದು ಕತ್ತಿಯನ್ನು ಮೇಲಕ್ಕೆತ್ತಿ ನೆಲಕ್ಕಪ್ಪಳಿಸುವ ಏಟಿಗೆ ಕಾಯಿರಿ. ಅದನ್ನು ತಿರುಗಿಸಿದರೆ ವಾನರ ಕೆಳಗೆ ಬೀಳುತ್ತದೆ, ಹೊಡೆಯಲು ಸಮಯ ಸಿಗುತ್ತದೆ.

9. ಯೂಟ್ಯೂಬ್‌ಗೂ ಒಂದು ಹೊತ್ತಿದೆ

ಬಾಸ್‌ನ ಎಲ್ಲ ಹಂತಗಳನ್ನೂ ಮೊದಲೇ ವೀಡಿಯೊದಲ್ಲಿ ನೋಡಿ ಹೋದರೆ ಕಂಡುಕೊಳ್ಳುವ ಸುಖ ನಿಮ್ಮದಾಗುವುದಿಲ್ಲ. ಹಾಗೆಂದು ನೋಡಲೇಬಾರದು ಅನ್ನುವ ಹಟವೂ ಬೇಡ. ಒಂದು ವರಸೆ ಎಷ್ಟು ನೋಡಿದರೂ ಬಿಡಿಸಲಾಗದೆ ಹೋದಾಗ ಅದೊಂದನ್ನೇ ನೋಡಿ ಬನ್ನಿ. ಮೂಲೆಗೆ ಸಿಕ್ಕಿಸಿ, ಶತ್ರು ಅಲುಗಾಡದಂತೆ ಮಾಡಿ ಕೊಲ್ಲುವ ಅಡ್ಡದಾರಿಗಳನ್ನು ತೋರಿಸುವ ವೀಡಿಯೊಗಳೂ ಇವೆ. ಅವುಗಳಿಂದ ಮುಂದಿನ ಬಾಗಿಲು ತೆರೆಯುತ್ತದೆ, ಕೈಗೆ ಏನೂ ಬರುವುದಿಲ್ಲ. ಮುಂದಿನ ಬಾಸ್ ಹಿಂದಿನ ಪಾಠ ಬಂದಿದೆ ಎಂದೇ ತಿಳಿದು ಹೊಡೆಯುತ್ತಾನೆ.

10. ಸುಲಭ ಮಟ್ಟ ಬೇಕೇ?

ಆಟ ಬಂದ ವರ್ಷ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಸೆಕಿರೊದಲ್ಲಿ ಸುಲಭ, ಸಾಧಾರಣ, ಕಠಿಣ ಎಂಬ ಆಯ್ಕೆ ಇಲ್ಲ. ಎಲ್ಲರಿಗೂ ಒಂದೇ ಗೆನಿಚಿರೋ. ಈ ಒಂದೇತನದಿಂದಲೇ "ಗೆನಿಚಿರೋ ಆಯ್ತಾ?" ಎಂಬ ಪ್ರಶ್ನೆಗೆ ಅರ್ಥ ಬಂದಿರುವುದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬೆರಳುಗಳ ಚಲನೆ ಕಷ್ಟವಿರುವವರು, ದೃಷ್ಟಿ ಅಥವಾ ಶ್ರವಣ ಮಂದವಿರುವವರು ಇದ್ದಾರೆ. ಅವರಿಗೆ ಆಟದ ವೇಗ ತಗ್ಗಿಸುವ ಒಂದು ಅವಕಾಶ ಕೊಟ್ಟರೆ ನನ್ನ ಗೆಲುವಿನಿಂದ ಏನೂ ಕಡಿಮೆಯಾಗುವುದಿಲ್ಲ. 2018ರಲ್ಲಿ ಬಂದ 'ಸೆಲೆಸ್ಟ್' ಬಹಳ ಕಷ್ಟದ ಗೇಮ್. ಆದರೂ ಅದರಲ್ಲಿ ವೇಗ ತಗ್ಗಿಸಿಕೊಳ್ಳುವ ಸೌಲಭ್ಯವಿದೆ, ಅದರಿಂದ ಆ ಆಟದ ಗೌರವ ಕಡಿಮೆಯಾಗಿಲ್ಲ. ತನ್ನ ಕೈ, ಕಣ್ಣು ಎಷ್ಟು ಮುಟ್ಟಬಲ್ಲವೋ ಅದರ ಅಂಚಿನಲ್ಲಿ ನಿಂತು ಗೆಲ್ಲುವುದು ಈ ತೃಪ್ತಿಯ ಮೂಲ. ಆ ಅಂಚು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಮುಂದಿನ ಆಟಗಳಲ್ಲಿ ಫ್ರಮ್‌ಸಾಫ್ಟ್‌ವೇರ್ ಇದನ್ನು ಗಮನಿಸಲಿ.

11. ಮುಗಿದ ಮೇಲೆ ಇನ್ನೊಮ್ಮೆ ಶುರುಮಾಡಿ

ಆಟದ ಆರಂಭದಲ್ಲೇ, ಹುಲ್ಲುಗಾವಲಿನಲ್ಲಿ, ಬೆಳದಿಂಗಳಲ್ಲಿ, ಗೆನಿಚಿರೋ ಒಮ್ಮೆ ಎದುರಾಗುತ್ತಾನೆ. ಅಲ್ಲಿ ಹೊಸಬರು ಸೋಲಲೆಂದೇ ಆಟವನ್ನು ಕಟ್ಟಲಾಗಿದೆ. ಎಡಗೈ ಹೋಗುವುದು ಅಲ್ಲೇ. ಎರಡನೇ ಸಲ ಆಡುವಾಗ ಅದೇ ಜಾಗಕ್ಕೆ ಬಂದು ನಿಲ್ಲುತ್ತೀರಿ. ಅವನ ಒಂದೊಂದು ವರಸೆಯೂ ಗೊತ್ತು, ಭುಜ ಕದಲುವ ಮೊದಲೇ ಬೆರಳು ಸಿದ್ಧ. ಗೆಲ್ಲುತ್ತೀರಿ. ಕಥೆಯಲ್ಲಿ ಕೈ ಆಗಲೂ ಹೋಗುತ್ತದೆ. ಅಡ್ಡಬಂದ ಒಬ್ಬ ಗುಪ್ತ ಯೋಧನ ಕಡೆ ಗಮನ ಹೋದ ಕ್ಷಣದಲ್ಲಿ ಗೆನಿಚಿರೋ ಕಡಿದುಬಿಡುತ್ತಾನೆ. ಗೆದ್ದವನಿಗೆ ಆಟ ಏನೂ ಬಹುಮಾನ ಕೊಡುವುದಿಲ್ಲ. ಆದರೂ ಆ ಗೆಲುವಿನಷ್ಟು ಖುಷಿ ಕೊಟ್ಟದ್ದು ಇಡೀ ಆಟದಲ್ಲಿ ಇನ್ನೊಂದಿಲ್ಲ ಎಂದು ನನ್ನ ಲೆಕ್ಕ. ಕೊನೆಯ ಶತ್ರು ಇಶ್ಶಿನ್‌ನನ್ನು ಕೆಡವಿದ್ದಕ್ಕಿಂತಲೂ ಹೆಚ್ಚು.

ಎರಡನೇ ಸುತ್ತಿನಲ್ಲಿ ಕುರೋ ಕೊಟ್ಟ ತಾಯತವನ್ನು ಅವನಿಗೇ ಹಿಂತಿರುಗಿಸುವ ಅವಕಾಶವೂ ಇದೆ. ಹಿಂತಿರುಗಿಸಿದರೆ ಬರೇ ಅಡ್ಡ ಹಿಡಿದ ಏಟಿಗೂ ಸ್ವಲ್ಪ ಪ್ರಾಣಬಲ ಸೋರುತ್ತದೆ. ನಿಖರವಾಗಿ ತಿರುಗಿಸಿದರೆ ಮಾತ್ರ ಉಳಿವು. ಮೊದಲ ಸುತ್ತಿನಲ್ಲಿ ಕೈ ಎಷ್ಟು ಕಲಿತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಗೇಮ್ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೂರರಲ್ಲೂ ಸಿಗುತ್ತದೆ. ಶುರುಮಾಡುವವರಿಗೆ ನಾನು ಹೇಳುವುದಿಷ್ಟು: ಪಾಳು ಗುಡಿಯ ಹೊರಗೆ ಹನ್‌ಬೇ ಎಂಬ ಸಾವಿಲ್ಲದ ಯೋಧ ನಿಂತಿರುತ್ತಾನೆ. ಎಷ್ಟು ಸಲ ಕಡಿದರೂ ಎದ್ದು ಮತ್ತೆ ಪಾಠ ಹೇಳಿಕೊಡುವವನು ಅವನು. ಮುಂದಿನ ಬಾಗಿಲಿಗೆ ಓಡುವ ಮುಂಚೆ ದಿನವೂ ಸ್ವಲ್ಪ ಹೊತ್ತು ಅವನ ಹತ್ತಿರ ಅಭ್ಯಾಸ ಮಾಡಿ. ಗೆನಿಚಿರೋನನ್ನು ಗೆಲ್ಲುವ ಮೊದಲು ಮಾತ್ರ ಬಿಟ್ಟುಬಿಡಬೇಡಿ.